ಕೋಲು ಹಿಡಿದವನು

ಹತ್ತಿಮತ್ತೂರಿನ ನಾಗಪ್ಪ ಧಣಿ ಎಂಬತ್ತೇಳನೇ ಇಸವಿಯಲ್ಲಿ ತಂದ ಟಿ.ವಿ.ಯಲ್ಲಿ ಒಬ್ಬೊಬ್ಬ ಮನುಷ್ಯನಿಗೆ ಮೂರು ಮೂರು ಮೂಗು. ಮುಖದ ತುಂಬ ಜೋಳದ ನುಚ್ಚು ಚೆಲ್ಲಿದ ಹಾಗೆ ಚುಕ್ಕೆ. ಊರಿಗೆ ಮೊದಲ ಟಿ.ವಿ. ತಂದವನಿಗೆ ಇದಕ್ಕಿಂತ ಅವಮಾನ ಬೇಕೆ? ಧಣಿ ಅದರ ನೆತ್ತಿಗೆ ಬಡಿದ, ಕಿವಿ ತಿರುವಿದ. ಸವಣೂರಿನಿಂದ ಬಂದ ಮೆಕ್ಯಾನಿಕ್ ವೈರು ಬದಲಿಸಿದ, ಆಂಟೆನಾವನ್ನು ಹುಬ್ಬಳ್ಳಿ ಕಡೆ ತಿರುಗಿಸಿದ, ಚಹಾ ಕುಡಿದು ಹೋದ. ಧಣಿಯ ತಾಯಿ ಸರೋಜವ್ವ ತೆಂಗಿನಕಾಯಿ ಒಡೆದಳು. ಮೂಗು ಮೂರೇ ಉಳಿದವು.

ಕಡೆಗೆ, ಗಾಳಿಗೆ ವಾಲಿದ ಆಂಟೆನಾದ ಕಬ್ಬಿಣದ ಕೋಲನ್ನು ನೆಟ್ಟಗೆ ಮಾಡಲು ಮನೆಯ ವರ್ಷದ ಆಳನ್ನು ಮಣ್ಣಿನ ಮಾಳಿಗೆ ಹತ್ತಿಸಿದರು. ಆ ಆಳು ನನ್ನ ಗಂಡ. ಗಂಡನ ಹೆಸರು ಹೇಳಬಾರದಂತೆ. ಮಾಳಪ್ಪ. ಹೇಳಿದೆ. ಅವನು ಕೋಲು ಹಿಡಿದದ್ದೇ ತಡ, ಚಿತ್ರ ಕನ್ನಡಿಯ ಹಾಗೆ ಬಂತು. ಬಿಟ್ಟರೆ ಮತ್ತೆ ನುಚ್ಚು. ಕೋಲಿಗೆ ಹಸಿ ಗೋಣಿ ಸುತ್ತಿ ನೋಡಿದರು, ನೇಗಿಲ ಗುಳ ಕಟ್ಟಿ ನೋಡಿದರು. ಊಹೂಂ. ಅದಕ್ಕೆ ನನ್ನ ಗಂಡನ ಕೈಯೇ ಬೇಕು.

ಅಂದಿನಿಂದ ಪ್ರತಿ ಭಾನುವಾರ ಸಂಜೆ ಸಿನಿಮಾ ಮುಗಿಯುವ ತನಕ ಅವನು ಮಾಳಿಗೆಯ ಮೇಲೆ ಕೋಲು ಹಿಡಿದು ನಿಲ್ಲಬೇಕು. ನಮ್ಮ ಕೇರಿಯವರು ಆ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅಂಗಳದಲ್ಲಿ ನಿಂತು ಕಿಟಕಿಯಿಂದ ನೋಡಬೇಕು. ಪಡಸಾಲೆಗೆ ಬರಬಾರದ ಕಾಲು ಅದರ ನೆತ್ತಿಯ ಮೇಲೆ ನಿಲ್ಲಬಹುದೇ ಎಂದು ಯಾರೋ ಕೇಳಿದ್ದಕ್ಕೆ ಸರೋಜವ್ವ, "ಮ್ಯಾಲಿನ ಮಣ್ಣಿಗೆ ಮೈಲಿಗಿ ಇರೂದಿಲ್ಲ" ಅಂದಳು. ಎಂಥ ಶಾಸ್ತ್ರ! ಒಂದು ಭಾನುವಾರ ನೀರು ಕುಡಿಯಲು ನಡುವೆ ಇಳಿದನೆಂದು ಧಣಿ ಬಾರಕೋಲಿನಿಂದ ಅವನ ಬೆನ್ನು ಸುಲಿದಿದ್ದ. ಬಾಸುಂಡೆಗೆ ನಾನೇ ಎಣ್ಣೆ ಹಚ್ಚಿದ್ದೆ. ಮರುವಾರ ಅವನು ಹತ್ತಿದೊಡನೆ ಧಣಿ ನಿಚ್ಚಣಿಕೆಯನ್ನೇ ಎಳೆದು ಪಡಸಾಲೆಯೊಳಗೆ ಇಟ್ಟುಕೊಂಡ.

ಸಿನಿಮಾ ಅರ್ಧವಾಗುವಷ್ಟರಲ್ಲಿ ಪಡುವಣದಿಂದ ಮೋಡ ಕವಿದುಕೊಂಡು ಬಂತು. ಕೆರೆಯಾಚೆ ಸಿಡಿಲು ಬಡಿದು ತೆಂಗಿನ ಸುಳಿ ಹೊತ್ತಿ ಉರಿಯಿತು. ದಿನಾ ಗಾಳಿ ಬೀಸಿದರೆ ಹೋಗುವ ಕರೆಂಟು ಅವತ್ತು ಹೋಗಲಿಲ್ಲ, ಅದಕ್ಕೂ ಬುದ್ಧಿಯಿಲ್ಲ. ಮೇಲೆ ಕಬ್ಬಿಣ ಹಿಡಿದು ನನ್ನ ಗಂಡ. ನಾನು ಅಂಗಳದ ಜನರನ್ನು ಸರಿಸಿಕೊಂಡು ಕಿಟಕಿಗೆ ಬಂದೆ.

ಕೋಲಿನ ಪಕ್ಕದ ಬೆಳಕಿಂಡಿಯಿಂದ ಅವನು ಕೂಗಿದ: "ಧಣ್ಯಾರ, ಸಿಡ್ಲು ಸಮೀಪ ಬಂತ್ರಿ! ಇಳಿತೇನ್ರಿ!"

"ಫೈಟಿಂಗ್ ನಡದೈತಿ, ಹಂಗ ಹಿಡ್ಕೊಂಡ್ ನಿಲ್ಲಲೇ! ಬಿಟ್ಟೀ ಅಂದ್ರ ಚರ್ಮಾ ಸುಲೀತೇನಿ!" ಧಣಿ ಕೆಳಗಿನಿಂದ ಗುಡುಗಿದ.

ನಾನು ಕಿಟಕಿಯ ಸರಳು ಹಿಡಿದು ಬೇಡಿದೆ. "ಅವ್ವಾರ, ನಿಚ್ಚಣಿಕಿ ಕೊಡ್ರಿ. ನನ್ನ ಗಂಡ ಸುಟ್ಟು ಹೋಗ್ತಾನ್ರಿ."

ಸರೋಜವ್ವ ಟಿ.ವಿ.ಯಿಂದ ಕಣ್ಣು ಕೀಳಲಿಲ್ಲ. "ಸುಮ್ನಿರ ಗುತ್ತೆವ್ವಾ, ಇನ್ನೇನ್ ಮುಗೀತೈತಿ."

ಇನ್ನೊಂದು ಸಿಡಿಲು ಇನ್ನೂ ಹತ್ತಿರ ಬಡಿಯಿತು. ನಾನು ಹೊಸ್ತಿಲು ದಾಟಿದೆ. ಪಡಸಾಲೆಯಲ್ಲಿ ಕುಳಿತವರು ಹಾವು ಬಂದಂತೆ ಎದ್ದರು. ಗೋಡೆಗೆ ಒರಗಿಸಿದ್ದ ನಿಚ್ಚಣಿಕೆಗೆ ಕೈ ಹಾಕಿದೆನೋ ಇಲ್ಲವೋ, ಧಣಿ ನನ್ನ ತುರುಬು ಹಿಡಿದು ಮುಖವನ್ನು ಕಂಬಕ್ಕೆ ಅಪ್ಪಳಿಸಿದ. ಹಲ್ಲು ಮುರಿದು ಬಾಯಿ ತುಂಬ ರಕ್ತ. ಬಾರಕೋಲು ಬೆನ್ನಿನ ಮೇಲೆ, ಕುತ್ತಿಗೆಯ ಮೇಲೆ, ಮೊಲೆಯ ಮೇಲೆ ಬಿತ್ತು. ನಾನು ನಿಚ್ಚಣಿಕೆ ಬಿಡಲಿಲ್ಲ. ಟಿ.ವಿ.ಯಲ್ಲೂ ಒಬ್ಬ ಇನ್ನೊಬ್ಬನನ್ನು ಹೊಡೆಯುತ್ತಿದ್ದ. ಹೊಡೆಸಿಕೊಂಡವನ ತುಟಿಯ ರಕ್ತ ಕೂಡ ಸ್ವಚ್ಛ ಕಾಣುತ್ತಿತ್ತು. ಮೇಲೆ ನನ್ನ ಗಂಡನ ಕೈ ಅಷ್ಟು ಅಲುಗದೆ ನಿಂತಿತ್ತು.

ಅದನ್ನು ಕಂಡು ನನಗೆ ಕಣ್ಣು ಕತ್ತಲಿಡುವಷ್ಟು ಸಿಟ್ಟು ಬಂತು. ನಿಚ್ಚಣಿಕೆಯನ್ನು ಎರಡೂ ಕೈಯಿಂದ ಎತ್ತಿ ಬೀಸಿದೆ. ಅದರ ಕಾಲು ಧಣಿಯ ದವಡೆಗೆ ಬಡಿದು ಅವನು ಉರುಳಿಬಿದ್ದ. ಮತ್ತೆ ಬೀಸಿದೆ. ಟಿ.ವಿ. ಗಾಜು ಢಂ ಎಂದು ಸಿಡಿದು ಪಡಸಾಲೆಯ ತುಂಬ ಚೂರು, ಹೊಗೆ. ಸರೋಜವ್ವ ಕಿರುಚುತ್ತ ಒಳಗೆ ಓಡಿದಳು. ಉಳಿದವರು ಬಾಗಿಲಿಗೆ ಮುಗಿಬಿದ್ದರು. ಧಣಿ ನೆಲದ ಮೇಲೆ ದವಡೆ ಹಿಡಿದು ನರಳುತ್ತಿದ್ದ.

ಬೆಳಕಿಂಡಿಯಿಂದ ಮಳೆಯ ಮೊದಲ ಹನಿಗಳು ಬಿದ್ದವು. ಅವುಗಳ ಹಿಂದೆಯೇ ನನ್ನ ಗಂಡನ ದನಿ. ಗಾಜು ಒಡೆದದ್ದನ್ನು ಸಿಡಿಲೆಂದು ತಿಳಿದು ಬೆಚ್ಚಿದ್ದ, ಕೋಲು ಅಲುಗಿತೆಂದು ಹೆದರಿದ್ದ.

"ತಪ್ಪಾತ್ರಿ ಧಣ್ಯಾರ, ಕೈ ಸ್ವಲ್ಪ ಅಲ್ಲಾಡ್ತು. ಈಗ ಚೊಲೊ ಕಾಣ್ತೈತೇನ್ರಿ?"

ನಾನು ಬಾಯಲ್ಲಿದ್ದ ರಕ್ತ ಉಗುಳಿದೆ.

"ಭಾಳ ಚೊಲೊ ಕಾಣ್ತೈತಿ. ಕೋಲು ಬಿಡ್ರಿ. ನಿಚ್ಚಣಿಕಿ ತರಾಕತ್ತೇನಿ."