ಚೌಕ ಮೂತಿಯ ವೈರು

ಮೇಜಿನ ಕೆಳಗೆ ಫಿನೈಲಿನ ವಾಸನೆ, ಅಂದರೆ ಬೆಳಿಗ್ಗೆ ಅತ್ತೆ ಇಲ್ಲೂ ಒರೆಸಿದ್ದಾರೆ, ಆ ಸೊಂಟನೋವಿನಲ್ಲಿ ಇಷ್ಟು ಒಳಗೆ ಹೇಗೆ ನುಸುಳಿದರೋ — ಬೇಡ, ಈಗ ಅತ್ತೆಯ ವಿಚಾರ ಬೇಡ, ಮೊದಲು ಕ್ಯಾಮೆರಾ, ಎಂದುಕೊಂಡು ಪ್ರಿಯಂವದಾ ಮಂಡಿಯೂರಿ ಇನ್ನಷ್ಟು ಬಗ್ಗಿದಳು. ಮೇಜಿನ ಮೇಲೆ ದೊಡ್ಡ ಮಾನಿಟರು ಬೆಳಗುತ್ತಲೇ ಇದೆ, ಅದರೊಳಗೆ ಮಂಗಳೂರಿನ ಮೂವರು ಸಂದರ್ಶಕರು ಕಾಯುತ್ತ ಕೂತಿದ್ದಾರೆ, ಎಲೆಯ ಉಸಿರಾಟದ ಬಗ್ಗೆ ಅವಳು ಮಾದರಿ ಪಾಠ ಮಾಡಿ ತೋರಿಸಬೇಕು, ಅವರು ಅವಳಿಗೆ ಕಾಣುತ್ತಾರೆ, ಅವಳು ಅವರಿಗೆ ಕಾಣುವುದಿಲ್ಲ, ಮಾನಿಟರಿನ ನೆತ್ತಿಯಲ್ಲೇ ಇರುವ ಕ್ಯಾಮೆರಾ, ಅದರ ಮೈಕು, ಎರಡನ್ನೂ ಲ್ಯಾಪ್‌ಟಾಪು ಗುರುತೇ ಹಿಡಿಯುತ್ತಿಲ್ಲ. ಆಫ್ ಮಾಡಿ ಆನ್ ಮಾಡಿದ್ದಾಯಿತು, ಸೆಟ್ಟಿಂಗ್ಸ್ ಎಲ್ಲ ತಡಕಾಡಿದ್ದಾಯಿತು, ಕುಮಟೆಯ ಬ್ಯಾಂಕಿನಲ್ಲಿರುವ ಗಂಡ ವಿನೋದನಿಗೆ ಫೋನ್ ಮಾಡಿದ್ದೂ ಆಯಿತು, ವೈರೆಲ್ಲ ಸರಿ ಇದ್ಯಾ ನೋಡೇ ಮಾರಾಯ್ತಿ ಎಂದ ಅವನು, ಇದ್ಯೋ ಮಾರಾಯಾ, ಇಲ್ಲದಿದ್ರೆ ಚಿತ್ರ ಹೆಂಗೆ ಬರ್ತದೆ. ಲ್ಯಾಪ್‌ಟಾಪಿನದೇ ಕ್ಯಾಮೆರಾ ಹೊನ್ನಾವರದ ಉಪ್ಪುಗಾಳಿಗೆ ಕಳೆದ ಮಳೆಗಾಲದಲ್ಲೇ ಕಣ್ಣು ಮುಚ್ಚಿತ್ತು, ಅದಕ್ಕೇ ಈ ಮಾನಿಟರು, ಈ ಕೆಲಸ ಸಿಕ್ಕರೆ ಮನೆಯಲ್ಲೇ ಕೂತು ಆನ್‌ಲೈನ್ ಪಾಠ, ಭಟ್ಕಳದ ಶಾಲೆಗೆ ದಿನಾ ಬಸ್ಸಿನಲ್ಲಿ ಜೋತುಬಿದ್ದು ಹೋಗುವುದು ತಪ್ಪುತ್ತಿತ್ತು, ತಪ್ಪುತ್ತಿತ್ತು, ತಪ್ಪು.

ಅತ್ತೆ ಚೌಡಮ್ಮ ಬಾಗಿಲಿಗೆ ಬಂದದ್ದು ಆ ಫೋನು ಇಟ್ಟ ಮೇಲೆ, ಕೈಯಲ್ಲಿ ಒರೆಸುವ ಬಟ್ಟೆ, ಎಂತ ಆತೇ ಮಗಾ ಎಂದರು, ಅಷ್ಟೇ ಅಂದದ್ದು. ಎಂತ ಆತು ಅಂತ ನನ್ನ ಕೇಳ್ತೀರಾ, ಒರೆಸ್ತೇನೆ ಒರೆಸ್ತೇನೆ ಅಂತ ಎಲ್ಲ ಎಳೆದು ಹಾಳು ಮಾಡಿಟ್ಟದ್ದು ನೀವೇ, ಅಕ್ಷರ ಗೊತ್ತಿಲ್ಲದವ್ರಿಗೆ ಇದ್ರ ಮೇಲೆ ಯಾಕೆ ಕೈ — ಅಕ್ಷರ ಗೊತ್ತಿಲ್ಲದವ್ರಿಗೆ, ಹೌದು, ಹಾಗೆಯೇ ಅಂದಳು, ಮಕ್ಕಳಿಗೆ ಪಾಠ ಹೇಳುವ ಇದೇ ಬಾಯಲ್ಲಿ. ಅತ್ತೆ ಬಲಗೈಯನ್ನು ಬಟ್ಟೆಯ ಸಮೇತ ಸೆರಗಿನೊಳಗೆ ಮುಚ್ಚಿಕೊಂಡರು, ಹೋಮ್‌ವರ್ಕ್ ಮಾಡದ ಮಕ್ಕಳು ಟೀಚರನ್ನು ಕಂಡು ಕೈ ಬಚ್ಚಿಡುವ ಹಾಗೆ. ಮೀನಿನ ಗಂಗಿ, ಇಡೀ ಕೇರಿಗೆ ಕೇಳುವಂತೆ ಕೂಗುವವಳು, ಇವತ್ತು ಗೇಟಿನಲ್ಲಿ ಬುಟ್ಟಿ ಇಳಿಸಿ ಸದ್ದಿಲ್ಲದೆ ಒಂದು ಬಂಗಡೆ ಎತ್ತಿ ತೋರಿಸಿದ್ದಳು, ಬಾಯಿ ಬಿದ್ದುಹೋಗಿದ್ಯನೇ ಎಂದು ಇವಳು ನಕ್ಕರೆ, ನಿಮ್ಮತ್ತೆ ನಿನ್ನೆಯೇ ಹೇಳಿಟ್ಟಿದ್ರು, ನಮ್ಮ ಸೊಸೆಗೆ ನಾಳೆ ದೊಡ್ಡ ಪರೀಕ್ಷೆ ಅದೆ, ಕೂಗ್ಬೇಡ ಅಂತ, ಎಂದು ಪಿಸುಗುಟ್ಟಿದ್ದಳು. ಅತ್ತೆ ಮಿಕ್ಸಿಯನ್ನೂ ಹಚ್ಚಿಲ್ಲ ಇವತ್ತು, ಕಡೆಯುವ ಕಲ್ಲಿನಲ್ಲಿ ಚಟ್ನಿ ಅರೆದಿದ್ದಾರೆ, ಅದೇ ಕೈ, ಸೆರಗಿನೊಳಗೆ ಹೋದದ್ದು.

ಹಣೆಗೆ ತಣ್ಣಗೆ ಏನೋ ತಾಗಿತು. ವೈರು, ಮೇಜಿನ ಹಿಂದೆ ನೇತಾಡುವ ದಪ್ಪ ವೈರು, ಒಂದು ತುದಿ ಲ್ಯಾಪ್‌ಟಾಪಿನಲ್ಲೇ ಇದೆ, ಇನ್ನೊಂದು, ಚೌಕ ಮೂತಿಯದು, ಮಾನಿಟರಿನ ಬೆನ್ನಿಗೆ ಹೋಗಬೇಕಾದದ್ದು, ಗಾಳಿಯಲ್ಲಿದೆ, ಯಾರು ಕಿತ್ತರು — ನಿನ್ನೆ ಸಂಜೆ ಮಾವಿನಕುರ್ವೆ ನಡುಗಡ್ಡೆಯ ಮೇಲೆ ಕಪ್ಪಾಗಿ ಕವಿದು ಮೊದಲ ಗುಡುಗು ಕೇಳಿದ್ದೇ ತಡ, ಈ ಕಡೆಯ ಎಲ್ಲ ಮನೆಯವರ ಹಾಗೆ ಓಡಿಬಂದು, ಟೀವಿ, ಫ್ರಿಜ್ಜು, ಇಂಟರ್ನೆಟ್ಟಿನ ಡಬ್ಬಿ, ಮಾನಿಟರಿನ ಬೆನ್ನಿಗಿದ್ದದ್ದು, ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತದ್ದು ಯಾರು? ಅತ್ತೆ ಆಗ ಹಿತ್ತಲಲ್ಲಿ ಇವಳದೇ ಸೀರೆ ಒಳಗೆ ತರುತ್ತಿದ್ದರು. ಬೆಳಿಗ್ಗೆ ಮತ್ತೆ ಹಾಕುವಾಗ ಕರೆಂಟಿನದೊಂದು, ಚಿತ್ರದ್ದೊಂದು ಚುಚ್ಚಿದಳು, ಪರದೆ ಬೆಳಗಿತು, ಆತು ಎಂದು ಸ್ನಾನಕ್ಕೆ ಹೋದಳು, ಕ್ಯಾಮೆರಾ ಮೈಕುಗಳನ್ನು ಲ್ಯಾಪ್‌ಟಾಪಿಗೆ ಸೇರಿಸುವ ಈ ವೈರಿನ ನೆನಪೇ ಆಗಲಿಲ್ಲ. ನಾನೇ, ಎಲ್ಲ ನಾನೇ.

ಮೇಡಂ, ಎಂದಿತು ಮೇಲಿನಿಂದ ಸಂದರ್ಶಕರೊಬ್ಬರ ಮೃದು ದನಿ, ಗಡಿಬಿಡಿ ಮಾಡ್ಕೋಬೇಡಿ, ಚಿತ್ರ ಬರದಿದ್ರೂ ನಿಮ್ಮ ಮಾತು ಮೊದಲಿಂದ್ಲೂ ಸ್ಪಷ್ಟವಾಗಿ ಕೇಳ್ತಾ ಇದೆ. ಮೊದಲಿಂದಲೂ. ಮಾನಿಟರಿನ ಮೈಕು ಸಿಗದಾಗ ಲ್ಯಾಪ್‌ಟಾಪು ತನ್ನದೇ ಮೈಕು ತೆರೆದುಕೊಂಡಿದೆ, ಮೂವರೂ ಕೇಳಿದ್ದಾರೆ, ಅಕ್ಷರ ಗೊತ್ತಿಲ್ಲದವ್ರಿಗೆ ಎಂದದ್ದನ್ನೂ ಕೇಳಿದ್ದಾರೆ, ಕಿವಿಯ ತುದಿಯವರೆಗೆ ಬಿಸಿ, ನಾಚಿಕೆ, ಈ ಒರೆಸಿದ ನೆಲದಲ್ಲೇ ಇಂಗಿಹೋದರೆ ಸಾಕು ಅನ್ನಿಸುವಷ್ಟು ನಾಚಿಕೆ. ತಪ್ಪಾಯ್ತು ಅತ್ತೆ ಅನ್ನಬೇಕು, ಈಗಲೇ, ಆದರೆ ಮೊದಲು ಮೈಕು ಮುಚ್ಚಬೇಕು ಎಂದು ಹೊಳೆಯಿತು, ಬೈಯುವಾಗ ಹೊಳೆಯದ್ದು ತಪ್ಪೊಪ್ಪಿಕೊಳ್ಳುವಾಗ ಹೊಳೆಯಿತು, ಅದಕ್ಕೆ ಇನ್ನಷ್ಟು ನಾಚಿಕೆ. ಎದ್ದಳು, ಚೌಕ ಮೂತಿಯನ್ನು ಮಾನಿಟರಿನ ಬೆನ್ನಿಗೆ ಒತ್ತಿದಳು, ಟಿಕ್, ನೆತ್ತಿಯ ದೀಪ ಹತ್ತಿತು, ಈಗ ಕಾಣ್ತಾ ಇದ್ದೀರಿ ಮೇಡಂ, ಶುರು ಮಾಡಿ, ಪರದೆಯ ಮೂಲೆಯಲ್ಲಿ ಅವಳ ಮುಖ, ಹಣೆಯಲ್ಲಿ ಬೆವರು, ಮುಖದ ಹಿಂದೆ ಬಾಗಿಲು, ಬಾಗಿಲಲ್ಲಿ ಅತ್ತೆ, ಬೈಗುಳ ತಿಂದು ಹೋಗಿಯೇ ಇಲ್ಲ, ಸರಿಯಾಯಿತೇ ಎಂದು ನೋಡುತ್ತ ಅಲ್ಲೇ ನಿಂತಿದ್ದಾರೆ — ನಮಸ್ಕಾರ, ಇವತ್ತು ಎಲೆ, ಎಲೆ ಹೇಗೆ ಉಸಿರಾಡುತ್ತದೆ ಎಂದರೆ ಮಕ್ಕಳೇ, ಎಲೆಯ ಕೆಳಗೆ, ಕೆಳಗೆ, ಸೆರಗಿನೊಳಗೆ ಮುಚ್ಚಿಕೊಂಡ ಕೈ, ಎಲೆಯ — ಸೆರಗಿನೊಳಗೆ ಆ ಕೈ.