ಮೇಲಿನ ಸಾಲಿನ ಆರು

ಕಿಟಕಿಯಾಚೆ ಕಣದಲ್ಲಿ ಯಾರೋ ಒಣಹಾಕಿದ ಕಾಫಿ ಕೆದಕುತ್ತಿದ್ದಾರೆ, ಮರದ ಹಲಗೆಯ ಸರಸರ ಸದ್ದು ಹತ್ತಿರ ಬಂದು, ದೂರ ಹೋಗಿ, ಮತ್ತೆ ಹತ್ತಿರ — ನನಗೆ ಮಾತ್ರ ಉಪ್ಪುಕಾಗದದಲ್ಲಿ ಏನನ್ನೋ ಕೆರೆದ ಹಾಗೆ ಕೇಳುತ್ತಿದೆ, ಹೀಗೇ ಕೆರೆದಿರಬೇಕು ಅವರು, ಕಪ್ಪು ಚಿಪ್‌ನ ಬೆನ್ನಿನ ಮೇಲೆ ಹೆಸರಿದ್ದ ಜಾಗ ಬರೀ ಬೂದು ಗೀರುಗಳಾಗುವವರೆಗೆ. ಬೇಡ ಮಾರಾಯ, ಅದನ್ನೀಗ ನೆನೆಯಬೇಡ, ಎದುರಿಗೆ ನೋಡು ವೀರೇಂದ್ರ, ಗೋಣಿಬೀಡಿನ ಬೆಳೆಗಾರರ ಸೊಸೈಟಿ, ಬೆಂಚುಗಳ ತುಂಬ ಜನ, ನಡುವೆ ಅಧ್ಯಕ್ಷೆ ವಿಮಲಮ್ಮ, ಮೇಜಿನ ಮೇಲೆ ನೀನೇ ಮಾಡಿದ ಇಪ್ಪತ್ತನಾಲ್ಕು ಪುಟ್ಟ ಕಂಪ್ಯೂಟರುಗಳು, ತೋಟಕ್ಕೊಂದು, ದಿನದ ಮಳೆ ಎಷ್ಟು ಇಂಚು ಎಷ್ಟು ಸೆಂಟು ಎಂದು ಫೋನ್ ತಂತಿಯಲ್ಲಿ ಸೊಸೈಟಿಗೆ ಕಳಿಸುವಂಥವು. ಎಲ್ಲ ಶುರುವಾದದ್ದೇ ಮಳೆಯಿಂದ, ವಿಮಲಮ್ಮನ ಯಜಮಾನರು ಸಾಯುವ ತನಕ ಮೂವತ್ತು ವರ್ಷ ಬರೆದಿಟ್ಟ ಮಳೆ, ತೊಂಬತ್ತೇಳರಲ್ಲಿ ಯಾವುದೋ ಕಂಪನಿ ಅದನ್ನೆಲ್ಲ ತನ್ನ ಸಾಫ್ಟ್‌ವೇರಿಗೆ ತುಂಬಿ ಎರಡೇ ವರ್ಷಕ್ಕೆ ಬಾಗಿಲು ಹಾಕಿಕೊಂಡು ಹೋಯಿತು, ಪುಸ್ತಕ ಗೆದ್ದಲು ತಿಂದಿತ್ತು, ಕಂಪ್ಯೂಟರಿನಲ್ಲಿ ಎಲ್ಲ ಇದೆ, ತೆರೆಯಲು ಯಾರಿಂದಲೂ ಆಗುತ್ತಿಲ್ಲ, ವಿಮಲಮ್ಮ ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಅತ್ತರು — ನಮ್ಮನೆಯವ್ರು ಕೊಡೆ ಹಿಡ್ಕೊಂಡು ಹೋಗಿ ಅಳೆದ ಮಳೆ ಅದು, ಮುಚ್ಚಿಟ್ಟಿದ್ದು ಏನೂ ಇರ್ಬಾರ್ದು, ಅಂಥದ್ದು ಮಾಡ್ಕೊಡಿ ಅಂದರು. ಮಾಡಿಕೊಡ್ತೀನಿ ಅಂದೆ, ಭಾರೀ ದೊಡ್ಡ ಮನುಷ್ಯ. ಯಾರು ಬೇಕಾದರೂ ಬಿಚ್ಚಿ ಓದಿ ತಿದ್ದಬಹುದಾದ ಸಾಫ್ಟ್‌ವೇರ್ ಧರ್ಮಕ್ಕೇ ಸಿಕ್ಕಿತು, ಅದಕ್ಕೆ ಒಗ್ಗುವ, ಲೆಕ್ಕವನ್ನು ಫೋನ್ ತಂತಿಗೆ ದಾಟಿಸುವ ಮೋಡೆಮ್ ಚಿಪ್ ಸಿಗಬೇಕಲ್ಲ, ಒಳಗೆ ಹೇಗೆ ಕೆಲಸ ಮಾಡುತ್ತದೆ ಹೇಳಿ ಅಂದರೆ ಚಿಪ್ ಮಾಡುವವನೊಬ್ಬ ಯಾರಿಗೂ ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕು ಎಂದ, ಇನ್ನೊಬ್ಬ ಹತ್ತು ಸಾವಿರ ಚಿಪ್ ಕೊಂಡರೆ ನೋಡೋಣ ಎಂದ, ಇಪ್ಪತ್ತನಾಲ್ಕು ಸಾಕು ಅಂದದ್ದಕ್ಕೆ ನಕ್ಕುಬಿಟ್ಟ, ಮೂರು ವರ್ಷ ಅಲೆದ ಮೇಲೆ ವಿವರವೆಲ್ಲ ಬಯಲಲ್ಲಿಟ್ಟ ಚಿಪ್ ಒಂದೇ ಒಂದು ಸಿಕ್ಕಿತು, ಅದನ್ನೇ ಹಾಕಿ ಎಂದು ಬೋರ್ಡು ಮಾಡುವವನಿಗೆ ಬರೆದುಕೊಟ್ಟೆ, ಚಿಪ್ ಕೂರಿಸಿದ ಬೋರ್ಡುಗಳು ಬಂದವು, ರಟ್ಟಿನ ಪೆಟ್ಟಿಗೆ ಬಿಚ್ಚಿ ಮೇಲಿನ ಸಾಲಿನ ಆರು ನೋಡಿದೆ, ಆರೂ ಸರಿ, ಸಾಕು ಅಂದುಕೊಂಡೆ — ಥೂ ನನ್ನ, ಯಾರ ಮಗ ನಾನು, ಮೂಡಿಗೆರೆಯ ಕಾಫಿ ವ್ಯಾಪಾರಿ ಗಂಗಾಧರಪ್ಪನ ಮಗ, ಅಪ್ಪ ಸ್ವಂತ ಭಾವನ ಮೂಟೆಗೂ ಮಾದರಿ ತೆಗೆಯುವ ಕೊಳವೆ ಚುಚ್ಚಿ, ಬಾಯಿ ಹತ್ರದ್ದು ತೋರಿಸ್ಬೇಡಿ, ತಳದ್ದು ತೆಗೀರಿ ಅನ್ನುತ್ತಿದ್ದರು.

ನಿನ್ನೆ ಮಧ್ಯಾಹ್ನ ಉಳಿದ ಹದಿನೆಂಟು ಬೋರ್ಡುಗಳು ಫೋನ್ ಲೈನನ್ನೇ ಹಿಡಿಯಲಿಲ್ಲ, ಬಿಚ್ಚಿದರೆ ಬೇರೆ ಚಿಪ್, ಹೆಸರು ಕೆರೆದದ್ದು, ಬೋರ್ಡು ಕಳಿಸಿದವನಿಗೆ ಫೋನ್ ಮಾಡಿದರೆ ಸ್ಟಾಕ್ ಇರ್ಲಿಲ್ಲ ಸಾರ್, ಅದೇ ಥರದ್ದು ಹಾಕಿದೀವಿ, ಒಂದು ಫೈಲ್ ಕಳಿಸ್ತೀನಿ, ಹಾಕ್ಕೊಳ್ಳಿ ನಡೆಯುತ್ತೆ, ಅದ್ರೊಳಗೇನಿದೆ ಅಂತ ನಮಗೂ ಗೊತ್ತಿಲ್ಲ ಅಂದ. ಹಾಕಿದೆ, ಹದಿನೆಂಟಕ್ಕೂ ಹಾಕಿದೆ, ಹಸಿರು ದೀಪ ಹತ್ತಿತು, ಹಿಂದೆ ನಿಂತಿದ್ದ ಹೆಂಡತಿ ಸೌಮ್ಯ ವಿಮಲಮ್ಮನೋರಿಗೆ ಹೇಳಿಬಿಡಿ ಅಂದಳು, ಹೇಳ್ತೀನಿ ಅಂದೆ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದೆ, ಅಮ್ಮ ಒಂದು ತಪ್ಪಾಗಿದೆ, ಅಮ್ಮ ಒಂದು ತಪ್ಪಾಗಿದೆ — ಈಗ ಹೇಳಿದರೆ ಮತ್ತೆ ಮೂರು ವರ್ಷ, ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಹದಿನೈದು ದಿನದಲ್ಲಿ ಬರುತ್ತದೆ, ಹಿಂದಿನ ಬೆಂಚಿನಲ್ಲಿ ಬೇರೊಂದು ಕಂಪನಿಯವನು ಹೊಳೆಯುವ ಜಾಹೀರಾತು ಪುಸ್ತಕ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಾನೆ, ನನಗೆ ಭಯವಾಗುತ್ತಿದೆ. ವಿಮಲಮ್ಮ ಎದ್ದರು, ಇದ್ರಲ್ಲಿ ಮುಚ್ಚಿಟ್ಟಿದ್ದು ಏನೂ ಇಲ್ಲ ಅಲ್ವಾ ವೀರೇಂದ್ರ. ಇಲ್ಲ ಅಮ್ಮ. ಯಾರು ಅಂದದ್ದು, ನಾನೇ, ನನ್ನದೇ ದನಿ. ಸೊಸೈಟಿಯ ಲೆಕ್ಕ ಬರೆಯುವ ರೈಟರ್ ರೇವಣ್ಣ ಸ್ಕ್ರೂಡ್ರೈವರ್ ಹಿಡಿದು ಒಂದು ಬಿಚ್ಚಿ ನೋಡೋಣ್ವಾ ಅಮ್ಮ ಅನ್ನುತ್ತಿದ್ದಾನೆ, ಬಿಚ್ಚೋ ರೇವಣ್ಣ, ತಳದ್ದೇ ಬಿಚ್ಚು, ನನ್ನ ಕೈಲಾಗುತ್ತಿಲ್ಲ — ವಿಮಲಮ್ಮ ಅವನನ್ನು ತಡೆದರು, ಬೇಡ ಬಿಡು ರೇವಣ್ಣ, ಗಂಗಾಧರಪ್ಪನವ್ರ ಮಗ ಅಲ್ವಾ, ತಳದವರೆಗೂ ನೋಡಿರ್ತಾರೆ, ಅಂದರು. ಚಪ್ಪಾಳೆ. ಪೆಟ್ಟಿಗೆಯ ಕೆಳಗಿನ ಸಾಲಿನಿಂದ ಬಂದದ್ದೊಂದನ್ನು ಎತ್ತಿಕೊಂಡು ಸೆರಗಿನಿಂದ ಧೂಳು ಒರೆಸುತ್ತಿದ್ದಾರೆ, ಈ ಸಲದ ಮಳೆ ನಾನೇ ಅಳೀತೀನಿ ಅನ್ನುತ್ತಿದ್ದಾರೆ, ನಗುತ್ತಿದ್ದಾರೆ, ಕಣದ ಹಲಗೆ ಮತ್ತೆ ಹತ್ತಿರ ಬರುತ್ತಿದೆ, ಸರ, ಸರ, ಅವರ ಬೆರಳ ಕೆಳಗೆ ತಗಡು, ತಗಡಿನ ಕೆಳಗೆ ಆ ಕಪ್ಪು ಚಿಪ್, ಅದರ ಬೆನ್ನಿನ ಮೇಲೆ ಗೀರು, ಹೆಸರಿಲ್ಲ, ಗೀರು —