ಕೋಳಿಗಷ್ಟೇ ಸಿಗುತ್ತಿದ್ದ ಮಾತು

ಥಾಯ್ಲೆಂಡಿನ ಈಶಾನ್ಯಕ್ಕಿರುವ ನಮ್ಮ ಇಸಾನ್ ಸೀಮೆಯ ಊರಲ್ಲಿ ಈಗ ಎಷ್ಟೋ ಮನೆಗಳಲ್ಲಿ ಅಜ್ಜಿ, ಮೊಮ್ಮಗು ಇಬ್ಬರೇ. ನಡುವಿನ ತಲೆಮಾರಿನವರೆಲ್ಲ ಬ್ಯಾಂಕಾಕಿನ ಕಾರ್ಖಾನೆಗಳಲ್ಲಿ. ಖಂಪುನ್ ಅಜ್ಜಿಯ ಮನೆಯೂ ಅಂಥದೇ. ಮಗಳು ವಿಲೈ ಗಂಡನಿಂದ ಬೇರೆಯಾಗಿ, ಹೊಲಿಗೆ ಕೆಲಸಕ್ಕೆಂದು ಪಟ್ಟಣ ಸೇರಿದ್ದಳು. ಅವಳ ಮಗಳು ಪ್ಲಾಗೆ ಮೂರು ವರ್ಷ ತುಂಬಿದರೂ ಬಾಯಲ್ಲಿ ಒಂದು ಮಾತಿಲ್ಲ.

ಊರಿನವರು ಸುಮ್ಮನಿರುತ್ತಾರೆಯೇ? "ಅಪ್ಪ ಅಮ್ಮ ದೂರಾದ್ರೆ ಇನ್ನೇನಾಗುತ್ತೆ!" ಎಂದು ಆಡಿಕೊಂಡರು. ಅಜ್ಜಿಯ ಲೆಕ್ಕವೇ ಬೇರೆ. ಮಗುವಿನ ಖ್ವಾನ್, ಅಂದರೆ ಒಳಗಿನ ಚೈತನ್ಯ, ತಾಯಿಯ ಹಿಂದೆಯೇ ಬಸ್ಸು ಹತ್ತಿ ಹೋಗಿದೆ ಎಂದು ಅವರು ನಂಬಿದ್ದರು. ಅದನ್ನು ವಾಪಸು ಕರೆಸಲು ಹಿರಿಯರಿಂದ ಮಗುವಿನ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿಸಿದರು. ಮತ್ತೆ ಮತ್ತೆ ಕಟ್ಟಿಸಿದರು. ಕೈ ತುಂಬ ದಾರವಾಯಿತು, ಮಾತು ಮಾತ್ರ ಬರಲಿಲ್ಲ.

ಒಂದು ಮಧ್ಯಾಹ್ನ ನೆರೆಮನೆಯ ಆರೋಗ್ಯ ಕಾರ್ಯಕರ್ತೆ ಸುನೀ ಬಂದಳು. ಕಂಬಗಳ ಮೇಲೆ ನಿಂತ ಮನೆಯ ಕೆಳಗೆ ಅಜ್ಜಿ ರೇಷ್ಮೆ ನೇಯುತ್ತಿದ್ದರು. ಪ್ಲಾ ಫೋನು ನೋಡುತ್ತಾ ಕೂತಿದ್ದಳು.

"ಬಾರೇ ಕಳ್ಳಿ, ನಿನ್ನೆಯಿಂದ ಎಲ್ಲಿ ಹಾಳಾಗಿ ಹೋಗಿದ್ದೆ? ಮೊಟ್ಟೆ ಎಲ್ಲಿಟ್ಟೆ ಹೇಳು!" ಎಂದು ಅಜ್ಜಿ ಕೆಂಪು ಕೋಳಿಯನ್ನು ಗದರಿ, ಅಂಟನ್ನದ ಅಗುಳು ಎಸೆದರು.

ಸುನೀಗೆ ನಗು ಬಂತು. "ಅಜ್ಜಿ, ಕೋಳಿ ಹತ್ರ ಇಷ್ಟು ಮಾತಾಡ್ತೀರಲ್ಲ, ಪ್ಲಾ ಹತ್ರ ಇವತ್ತೇನು ಮಾತಾಡಿದ್ರಿ?"

"ಅವಳು ತಿರುಗಿ ಮಾತಾಡಲ್ಲವಲ್ಲೇ!"

"ಕೋಳಿ ಮಾತಾಡುತ್ತಾ?"

ಅಜ್ಜಿಯ ಕೈಯಲ್ಲಿ ಲಾಳಿ ನಿಂತಿತು. "ಫೋನು ಕೊಟ್ರೆ ತೆಪ್ಪಗಿರ್ತಾಳೆ ಕಣೇ. ನಾನು ನೇಯಬೇಡ್ವಾ? ಖ್ವಾನ್ ಬಂದ್ರೆ ಮಾತೂ ಬರುತ್ತೆ ಬಿಡು."

"ದಾರ ಕಟ್ಟಿಸಿ, ಬೇಡ ಅನ್ನಲ್ಲ. ದಾರ ಕಟ್ಟುವಾಗ ಹಿರಿಯರು 'ಬಾ, ಮನೆಗೆ ಬಾ' ಅಂತ ಬಾಯಿ ತುಂಬ ಕರೀತಾರಲ್ವಾ? ಹಾಗೆ ನೀವು ದಿನಾ ಕರೀರಿ. ಮುಂಚೆ ಮನೆ ತುಂಬ ಚಿಕ್ಕಮ್ಮ, ಮಾವ ಇರ್ತಿದ್ರು. ಮಕ್ಕಳ ಕಿವಿಗೆ ಮಾತು ತಾನಾಗೇ ಬೀಳ್ತಿತ್ತು. ಈಗ ನೀವೊಬ್ರೇ ಅಷ್ಟೂ ಜನ ಆಗ್ಬೇಕು."

"ನನ್ನ ಕೈಲಾಗುತ್ತಾ ತಾಯಿ?" ಅಜ್ಜಿಯ ಕಣ್ಣು ತುಂಬಿತು.

"ಒಬ್ರೇ ಯಾಕೆ? ನಾವಿಲ್ವಾ?"

ಸುನೀ ಮೊದಲು ಅಜ್ಜಿಯನ್ನೂ ಮಗುವನ್ನೂ ಆಸ್ಪತ್ರೆಗೆ ಕರೆದೊಯ್ದು ಮಗುವಿನ ಕಿವಿ ತೋರಿಸಿದಳು. ಕಿವಿ ಸರಿಯಾಗಿತ್ತು. ಮಗುವಿಗೆ ಮಾತು ಕಲಿಸುವ ಬಗೆಯನ್ನು ಅಜ್ಜಿಗೆ ಅಲ್ಲಿಯವರೇ ಹೇಳಿಕೊಟ್ಟರು. ಆಮೇಲೆ ಸುನೀ ಊರಿನ ಉಳಿದ ಅಜ್ಜಿಯರನ್ನೂ ಮೊಮ್ಮಕ್ಕಳ ಸಮೇತ ಖಂಪುನ್ ಅಜ್ಜಿಯ ಮನೆಯ ಕೆಳಗೆ ಸೇರಿಸಿದಳು. ನೂಲು ಬಿಚ್ಚುತ್ತಾ ಹಾಡು, ಒಗಟು, ಜಗಳ, ನಗು! ಮಕ್ಕಳು ನಡುವೆ ಓಡಾಡಿದರು. ಫೋನು ತಾಯಿ ಕರೆ ಮಾಡಿದಾಗ ಮಾತ್ರ ಹೊರಗೆ ಬರುತ್ತಿತ್ತು.

ಮಳೆ ಕಳೆದು ಕೊಯ್ಲು ಮುಗಿಯುವ ಹೊತ್ತಿಗೆ, ಪ್ಲಾ ಒಂದು ದಿನ ಕೆಂಪು ಕೋಳಿಗೆ ಬೆರಳು ತೋರಿಸಿ ಕೂಗಿದಳು: "ಕಳ್ಳಿ!"

ಅಜ್ಜಿಯರೆಲ್ಲ ಕೇಕೆ ಹಾಕಿದರು. ಆಡಿಕೊಂಡಿದ್ದವರೂ ಓಡಿ ಬಂದರು.

ಹೊಸವರ್ಷದ ನೀರೆರಚುವ ಹಬ್ಬಕ್ಕೆ ವಿಲೈ ಊರಿಗೆ ಬಂದಳು. ಏಣಿಯ ಬುಡದಲ್ಲಿ ನಿಂತಿದ್ದ ಪ್ಲಾ ತಾಯಿಯ ಮಣಿಕಟ್ಟಿಗೆ ಬಿಳಿ ದಾರ ಸುತ್ತಿ ಹೇಳಿದಳು: "ಬಾ, ಅಮ್ಮಾ. ಮನೆಗೆ ಬಾ."

ವಿಲೈ ಅಲ್ಲೇ ಕುಸಿದು ಕೂತು ಮಗಳನ್ನು ತಬ್ಬಿಕೊಂಡಳು. ಅಜ್ಜಿ ಮೂಗೊರೆಸಿಕೊಂಡು, "ಈಗ ಇವಳ ಬಾಯಿ ಮುಚ್ಚಿಸೋರು ಯಾರೇ ಸುನೀ!" ಎಂದರು.

ಈ ಕಥೆ ಓದಿದವರೇ, ನಿಮ್ಮ ಮನೆಯಲ್ಲಿ ಇಬ್ಬರೇ ಇರಬಹುದು, ಅಪ್ಪನೋ ಅಮ್ಮನೋ ದೂರ ಇರಬಹುದು. ಅದಕ್ಕೆ ನಾಚಬೇಡಿ, ಬೇರೆಯವರನ್ನು ಆಡಿಕೊಳ್ಳಲೂಬೇಡಿ. ಮಾತು ತಡವಾದರೆ ಮಗುವನ್ನು ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಇವತ್ತೇ ಫೋನು ಪಕ್ಕಕ್ಕಿಟ್ಟು ಮಗುವನ್ನು ಹೆಸರು ಹಿಡಿದು ಕರೆಯಿರಿ. ಪಕ್ಕದ ಮನೆಯ ಮಗುವನ್ನೂ ಕರೆಯಿರಿ.